ಪೈಪೋಟಿಯ ಕಾಲದಲ್ಲಿ ಹಾಲಿನ ಸಂಘ ಹಿಡಿಯಬೇಕಾದ ದಾರಿ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ತಿಪ್ಪಸಂದ್ರಕ್ಕೆ ಬಂದು ನಾಲ್ಕು ಮಾತಾಡಬೇಕು ಅಂತ ಕಾರ್ಯದರ್ಶಿಗಳು ಕರೆದರು. ಯಾವ ವಿಷಯ ಅಂತ ಕೇಳಿದೆ. "ಏನಾದ್ರೂ ಮಾತಾಡಿ ಸಾರ್, ಸಹಕಾರ ತತ್ವ ಒಂದು ಬಿಟ್ಟು. ಅದನ್ನ ಎಲ್ಲರೂ ಹೇಳ್ತಾರೆ" ಅಂದರು. ಆಮೇಲೆ ಅವರೇ ಒಂದು ಪ್ರಶ್ನೆ ಹಾಕಿದರು. "ಬೇಸಿಗೆ ಬಂತು ಅಂದ್ರೆ ಟೆಂಪೋದವನು ಬಂದು ರಸ್ತೇಲಿ ನಿಂತ್ಕೋತಾನೆ. ಲೀಟರಿಗೆ ಒಂದೂವರೆ ಎರಡು ರೂಪಾಯಿ ಜಾಸ್ತಿ ಕೊಡ್ತಾನೆ. ಸದಸ್ಯರು ಅಲ್ಲಿ ಹಾಕ್ತಾರೆ. ನಾವೇನು ಮಾಡಬೇಕು ಹೇಳಿ." ನಾನು ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹಸು ಸಾಕೋದರಲ್ಲಿ ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಯಾವ ತಾಯಿಗೂ ನಾನು ಸಮ ಅಲ್ಲ. ಆದರೆ ಕಾರ್ಯದರ್ಶಿಗಳ ಪ್ರಶ್ನೆ ವ್ಯಾಪಾರದ ಪ್ರಶ್ನೆ. ಅದಕ್ಕೆ ನನಗೆ ತಿಳಿದ ಮಟ್ಟಿಗೆ ಉತ್ತರ ಹೇಳಲು ಪ್ರಯತ್ನ ಮಾಡುತ್ತೇನೆ.

ವ್ಯಾಪಾರದಲ್ಲಿ ಪೈಪೋಟಿ ಎದುರಿಸುವುದಕ್ಕೆ ಎಷ್ಟು ದಾರಿ ಇವೆ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಮೈಕೆಲ್ ಪೋರ್ಟರ್ ಎನ್ನುವವರು 1980ರಲ್ಲಿ ಇದರ ಮೇಲೆ ಒಂದು ಪುಸ್ತಕ ಬರೆದರು. ಪ್ರಪಂಚದ ಎಲ್ಲಾ ಕಡೆ ವ್ಯಾಪಾರದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಅವರು ಹೇಳಿದ್ದು ನಮ್ಮ ಸಂತೆಯಲ್ಲಿ ಕಣ್ಣಿಗೆ ಕಾಣುವ ವಿಷಯವೇ. ಅವರೆಕಾಯಿ ಕಾಲದಲ್ಲಿ ಮಾಗಡಿ ಕಡೆಯ ಯಾವ ಸಂತೆಗಾದರೂ ಹೋಗಿ ನೋಡಿ. ಒಬ್ಬ ಲಗೇಜ್ ಆಟೋ ತುಂಬ ಕಾಯಿ ತಂದು ರಾಶಿ ಹಾಕಿ ಎಲ್ಲರಿಗಿಂತ ಎರಡು ರೂಪಾಯಿ ಕಡಿಮೆಗೆ ಕೂಗುತ್ತಾನೆ. ಅವನಿಗೆ ಲಾಭ ಬರೋದು ರಾಶಿಯಲ್ಲಿ. ಇನ್ನೊಬ್ಬ ಬೆಳಗಿನ ಮಂಜಿನಲ್ಲಿ ಬಿಡಿಸಿದ, ಸೊಗಡು ಇರುವ ಕಾಯಿ ಮಾತ್ರ ಆರಿಸಿ ತರುತ್ತಾನೆ. ದರ ಜಾಸ್ತಿ, ಆದರೂ ಮೂಗಿಗೆ ಹಿಡಿದು ನೋಡಿದವರು ಅವನ ಹತ್ತಿರವೇ ಕೊಳ್ಳುತ್ತಾರೆ. ಮೂರನೆಯದು ಒಬ್ಬ ಅಜ್ಜಿ. ಮನೆಯಲ್ಲೇ ಕೂತು ಕಾಯಿ ಸುಲಿದು, ನೆನೆಸಿ, ಹಿತಕಿದ ಬೇಳೆ ಮಾಡಿ, ಬೆಂಗಳೂರಿನಿಂದ ಕಾರಿನಲ್ಲಿ ಬರುವವರಿಗೆ ಮಾತ್ರ ಮಾರುತ್ತಾಳೆ. ಊರಿನವರು ಅವಳ ಗಿರಾಕಿಗಳೇ ಅಲ್ಲ. ಪೋರ್ಟರ್ ಹೇಳಿದ ಮೂರು ದಾರಿ ಇವೇ: ಕಡಿಮೆ ಖರ್ಚಿನಲ್ಲಿ ಮಾಡಿ ಕಡಿಮೆ ಬೆಲೆಗೆ ಮಾರುವುದು, ಬೇರೆಯವರಲ್ಲಿ ಇಲ್ಲದ ಗುಣ ಕೊಡುವುದು, ಒಂದು ಸಣ್ಣ ಗುಂಪಿನ ಗಿರಾಕಿಯನ್ನು ಆರಿಸಿಕೊಂಡು ಅವರಿಗೆ ಬೇಕಾದ್ದನ್ನು ಕೊಡುವುದು.

ಇಷ್ಟೇ ಆಗಿದ್ದರೆ ದೊಡ್ಡ ವಿಷಯವಲ್ಲ. ಅವರು ಇನ್ನೊಂದು ಮಾತು ಸೇರಿಸಿದರು. ಯಾವ ದಾರಿಯನ್ನೂ ಗಟ್ಟಿಯಾಗಿ ಹಿಡಿಯದೆ ನಡುವೆ ಸಿಕ್ಕಿಕೊಂಡವರಿಗೆ ಲಾಭ ಕಡಿಮೆ ಅಂತ. ರಾಶಿ ಹಾಕುವಷ್ಟು ಕಾಯಿಯೂ ಇಲ್ಲ, ಆರಿಸಿ ತರುವ ತಾಳ್ಮೆಯೂ ಇಲ್ಲ, ಆದರೆ ದರದಲ್ಲಿ ಮಾತ್ರ ರಾಶಿಯವನ ಜೊತೆ ಜಿದ್ದಿಗೆ ಬಿದ್ದವನು ಸಂಜೆ ಬಾಡಿದ ಕಾಯಿ ಹೊತ್ತುಕೊಂಡು ಮನೆಗೆ ಹೋಗುತ್ತಾನೆ. ಈ ಮಾತನ್ನು ಆಮೇಲಿನ ವಿದ್ವಾಂಸರು ಪ್ರಶ್ನೆ ಮಾಡಿದ್ದಾರೆ. ಜಪಾನಿನ ಟೊಯೋಟ ಕಂಪನಿ ಗುಣವನ್ನೂ ಹೆಚ್ಚಿಸಿ ಖರ್ಚನ್ನೂ ಇಳಿಸಿ ತೋರಿಸಿತಲ್ಲ, ಎರಡೂ ಒಟ್ಟಿಗೆ ಆಗುತ್ತದಲ್ಲ ಅಂತ. ನಿಜ. ಆದರೆ ಟೊಯೋಟದವರು ಅದಕ್ಕೆ ದಶಕಗಳ ಕಾಲ ದುಡಿದರು. ನಾಳೆ ಬೆಳಿಗ್ಗೆಯಿಂದ ಎರಡೂ ಮಾಡ್ತೀವಿ ಅಂತ ಠರಾವು ಬರೆದರೆ ಆಗುವ ಕೆಲಸ ಅದಲ್ಲ.

ಈಗ ಹಾಲಿಗೆ ಬರೋಣ. ಗುಜರಾತಿನ ಆನಂದದ ಕಥೆ ನಿಮಗೆಲ್ಲ ಗೊತ್ತಿರುವುದೇ. ಆದರೆ ಅದನ್ನು ವ್ಯಾಪಾರದ ಕಣ್ಣಿನಿಂದ ನೋಡುವವರು ಕಡಿಮೆ. ಖೇಡಾ ಜಿಲ್ಲೆಯ ಹಾಲನ್ನು ಮುಂಬಯಿಗೆ ಕಳಿಸುತ್ತಿದ್ದುದು ಪೋಲ್ಸನ್ ಕಂಪನಿ. ರೈತರಿಗೆ ದರ ಸಾಲದಾಯಿತು. 1946ರ ಜನವರಿಯಲ್ಲಿ ಸಮರ್ಖಾ ಗ್ರಾಮದಲ್ಲಿ ಸಭೆ ಸೇರಿ, ಪೋಲ್ಸನ್‌ಗೆ ಹಾಲು ಹಾಕುವುದಿಲ್ಲ ಎಂದು ತೀರ್ಮಾನ ಮಾಡಿದರು. ಹದಿನೈದು ದಿನ ಹಾಲು ನಿಲ್ಲಿಸಿದರು. ಆ ವರ್ಷದ ಡಿಸೆಂಬರ್ 14ರಂದು ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಒಕ್ಕೂಟ ನೋಂದಣಿಯಾಯಿತು. ಇಲ್ಲಿಯವರೆಗೆ ಚಳವಳಿ. ಇದರ ನಂತರ ನಡೆದದ್ದು ವ್ಯಾಪಾರ. ಚಳಿಗಾಲದಲ್ಲಿ ಎಮ್ಮೆಗಳು ಹಾಲು ಹೆಚ್ಚು ಕೊಡುತ್ತಿದ್ದವು, ಮುಂಬಯಿಗೆ ಅಷ್ಟು ಬೇಕಿರಲಿಲ್ಲ. ಉಳಿದ ಹಾಲು ಏನು ಮಾಡುವುದು? ಎಮ್ಮೆ ಹಾಲಿನಿಂದ ಪುಡಿ ಮಾಡಲು ಬರುವುದಿಲ್ಲ ಎಂದು ವಿದೇಶದ ತಜ್ಞರು ಹೇಳುತ್ತಿದ್ದರು. ವರ್ಗೀಸ್ ಕುರಿಯನ್ ಅವರ ಜೊತೆಗಿದ್ದ ದಲಾಯ ಎಂಬ ಎಂಜಿನಿಯರು ಮಾಡಿ ತೋರಿಸಿದರು. 1955ರಲ್ಲಿ ಪುಡಿ ಮಾಡುವ ಡೈರಿ ಪ್ರಾರಂಭವಾಯಿತು. ಅಲ್ಲಿಂದ ಮುಂದೆ ಒಕ್ಕೂಟ ತನ್ನ ರೈತರಿಗೆ "ವರ್ಷಪೂರ್ತಿ ಎಷ್ಟು ಹಾಲು ತಂದರೂ ತಗೋತೀವಿ" ಎಂದು ಹೇಳುವ ಸ್ಥಿತಿಗೆ ಬಂತು. ಖಾಸಗಿಯವನಿಗಿಂತ ನಾಲ್ಕಾಣೆ ಜಾಸ್ತಿ ಕೊಟ್ಟದ್ದರಿಂದ ಆನಂದ ಗೆಲ್ಲಲಿಲ್ಲ ಎನ್ನುವುದನ್ನು ದಯವಿಟ್ಟು ಗಮನಿಸಿ.

ಅದೇ ಮಾದರಿಯ ಸಂಘಗಳು ಕರ್ನಾಟಕಕ್ಕೆ ಬಂದದ್ದು 1970ರ ದಶಕದ ಮಧ್ಯಭಾಗದಲ್ಲಿ, ವಿಶ್ವಬ್ಯಾಂಕ್ ನೆರವಿನ ಯೋಜನೆಯಿಂದ. ಕರ್ನಾಟಕ ಹಾಲು ಮಹಾಮಂಡಲ ಆದದ್ದು 1984ರಲ್ಲಿ. ಆಗ ಖಾಸಗಿಯವರು ದೊಡ್ಡ ಡೈರಿ ತೆರೆಯಲು ಸುಲಭವಾಗಿ ಅನುಮತಿ ಸಿಗುತ್ತಿರಲಿಲ್ಲ. 1991ರಲ್ಲಿ ಲೈಸೆನ್ಸ್ ಪದ್ಧತಿ ತೆಗೆದರು. 1992ರಲ್ಲಿ ಹಾಲು ಮತ್ತು ಹಾಲಿನ ಉತ್ಪನ್ನಗಳ ಆದೇಶ ಬಂದು ಸ್ವಲ್ಪ ಹಿಡಿತ ಉಳಿಯಿತು. 2002ರಲ್ಲಿ ಆ ಆದೇಶವನ್ನೂ ಸಡಿಲ ಮಾಡಿದ ಮೇಲೆ ಯಾವ ಡೈರಿ ಬೇಕಾದರೂ ಯಾವ ಹಳ್ಳಿಯಲ್ಲಿ ಬೇಕಾದರೂ ಹಾಲು ಕೊಳ್ಳಬಹುದು ಎಂದಾಯಿತು. ಹೀಗಾಗಿ ರಸ್ತೆಯಲ್ಲಿ ನಿಂತಿರುವ ಟೆಂಪೋದವನು ಕಳ್ಳನೇನಲ್ಲ. ಅವನದೂ ವ್ಯಾಪಾರ. ಅವನನ್ನು ಬೈದು ಉಪಯೋಗವಿಲ್ಲ.

ಇನ್ನು ಬೆಂಗಳೂರಿನ ಮಾರುಕಟ್ಟೆ. ನಿಮ್ಮ ಹಾಲು ಹೋಗುವುದು ಅಲ್ಲಿಗೆ. ಅಲ್ಲಿ ನಂದಿನಿ ಹಿಡಿದಿರುವುದು ಪೋರ್ಟರ್ ಹೇಳಿದ ಮೊದಲನೇ ದಾರಿ, ಅಂದರೆ ಕಡಿಮೆ ಬೆಲೆ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಸಿ ಹಾಲು, ಮೊಸರು ಮಾರುತ್ತೇನೆ ಎಂದು ಪ್ರಕಟಿಸಿದಾಗ ಎಷ್ಟು ಗದ್ದಲವಾಯಿತು ಎಂದು ನಿಮಗೆ ನೆನಪಿದೆ. ರಾಜಕೀಯ ನಮಗೆ ಬೇಡ, ಲೆಕ್ಕ ಮಾತ್ರ ನೋಡೋಣ. ಆಗ ನಂದಿನಿಯ ನೀಲಿ ಪೊಟ್ಟಣದ ಟೋನ್ಡ್ ಹಾಲು ಲೀಟರಿಗೆ 39 ರೂಪಾಯಿ. ಅಮುಲಿನ ಅಂಥದ್ದೇ ಹಾಲಿಗೆ ಐವತ್ತರ ಮೇಲೆ. ಇಷ್ಟು ಅಂತರ ಇರುವಾಗ ಹೊರಗಿನವರು ಬೆಲೆಯಲ್ಲಿ ಗೆಲ್ಲುವ ಮಾತೇ ಇಲ್ಲ. ಅದಕ್ಕಾಗಿಯೇ ಆರೋಕ್ಯ, ಹೆರಿಟೇಜ್, ದೊಡ್ಲ, ತಿರುಮಲ ಮುಂತಾದವರು ಬಹಳ ವರ್ಷದಿಂದ ಬೆಂಗಳೂರಿನಲ್ಲಿ ಇದ್ದರೂ ಬೇರೆ ಬೇರೆ ಮೂಲೆ ಹಿಡಿದು ವ್ಯಾಪಾರ ಮಾಡುತ್ತಾರೆ. ಗಟ್ಟಿ ಹಾಲು ಬೇಕೆನ್ನುವ ಹೋಟೆಲು, ಕಾಫಿ ಅಂಗಡಿ, ಸ್ವಲ್ಪ ಹೆಚ್ಚು ಕೊಟ್ಟರೂ ಸರಿ ಎನ್ನುವ ಮನೆಗಳು.

ಕಡಿಮೆ ಬೆಲೆಗೆ ಮಾರಿದರೆ ಊರೆಲ್ಲ ಹೊಗಳುತ್ತದೆ. ಆದರೆ ಆ ಕಡಿಮೆ ಬೆಲೆಯ ಭಾರ ಯಾರ ತಲೆ ಮೇಲೆ? ಇದು ನಾನು ಇವತ್ತು ಎತ್ತಬೇಕೆಂದಿರುವ ಮುಖ್ಯ ಪ್ರಶ್ನೆ. ಖರ್ಚು ನಿಜವಾಗಿ ಕಡಿಮೆಯಾಗಿ ಬೆಲೆ ಕಡಿಮೆಯಾದರೆ ಅದು ವ್ಯಾಪಾರದ ಜಾಣತನ. ದಿನಕ್ಕೆ ಲಕ್ಷಾಂತರ ಲೀಟರ್ ಒಂದೇ ಯಂತ್ರದಲ್ಲಿ ಹೋದರೆ, ಜಾಹೀರಾತಿನ ಖರ್ಚು ಕಡಿಮೆ ಇದ್ದರೆ, ಪೊಟ್ಟಣ ಬೆಳಗಿನ ಜಾವವೇ ಬೂತಿಗೆ ಮುಟ್ಟಿದರೆ ಲೀಟರಿಗೆ ಬೀಳುವ ಖರ್ಚು ಇಳಿಯುತ್ತದೆ. ನಂದಿನಿಯ ಬೆಲೆಯಲ್ಲಿ ಒಂದು ಪಾಲು ಹೀಗೆ ಬಂದದ್ದು. ಇನ್ನೊಂದು ಪಾಲು ಸರ್ಕಾರದ ಪ್ರೋತ್ಸಾಹಧನದಿಂದ ಬಂದದ್ದು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 2013ರಲ್ಲಿ 4, 2016ರಲ್ಲಿ 5 ಆಯಿತು. ಮೂರನೆಯ ಪಾಲು ಯಾವುದು ಅಂದರೆ, ಹಿಂಡಿ ಬೂಸಾದ ದರ ಏರಿದರೂ ಹಾಲಿನ ದರ ಏರದೆ ನಿಂತಾಗ ಹಸು ಕಟ್ಟಿದವರು ಹೊತ್ತುಕೊಂಡದ್ದು. ಅದು ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಕೊಟ್ಟಿಗೆಯಲ್ಲಿ ನಾಲ್ಕು ಹಸು ಇದ್ದದ್ದು ಎರಡಾದಾಗ ಕಾಣುತ್ತದೆ.

2024ರಲ್ಲಿ ಮಹಾಮಂಡಲದ ಹಾಲು ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತು. ಹೆಚ್ಚಾದ ಹಾಲು ಖರ್ಚಾಗಬೇಕಲ್ಲ! ಆ ಜೂನ್‌ನಲ್ಲಿ ಅವರು ಒಂದು ಉಪಾಯ ಮಾಡಿದರು. ಪ್ರತಿ ಪೊಟ್ಟಣಕ್ಕೆ 50 ಮಿಲಿ ಲೀಟರ್ ಹಾಲು ಹೆಚ್ಚು ತುಂಬಿ 2 ರೂಪಾಯಿ ಹೆಚ್ಚು ಪಡೆದರು. ಅರ್ಧ ಲೀಟರ್ ಪೊಟ್ಟಣ 550 ಮಿಲಿ ಆಯಿತು. ಹೆಚ್ಚು ಹಾಲು ಮಾರಾಟವಾಯಿತು. ಆದರೆ ಉತ್ಪಾದಕರ ಖರ್ಚಿನ ಪ್ರಶ್ನೆ ಹಾಗೇ ಉಳಿಯಿತು. ಕೊನೆಗೆ 2025ರ ಏಪ್ರಿಲ್ 1ರಿಂದ ಪೊಟ್ಟಣವನ್ನು ಹಳೆಯ ಅಳತೆಗೆ ತಂದು, ಲೀಟರಿಗೆ 4 ರೂಪಾಯಿ ಏರಿಸಿ, ಅಷ್ಟೂ ಹಣ ರೈತರಿಗೆ ಎಂದು ಸರ್ಕಾರ ಹೇಳಿತು. ನೀಲಿ ಪೊಟ್ಟಣ 46 ರೂಪಾಯಿ ಆಯಿತು. ಏರಿದ ಮೇಲೂ ಹೊರಗಿನ ಬ್ರಾಂಡುಗಳಿಗಿಂತ ಕಡಿಮೆಯೇ. ಅಂದರೆ ಕಡಿಮೆ ಬೆಲೆಯ ದಾರಿಯಲ್ಲಿ ಇದ್ದುಕೊಂಡೇ ರೈತನಿಗೆ ಇನ್ನೂ ಕೊಡುವುದಕ್ಕೆ ಜಾಗ ಇತ್ತು ಎಂದು ಗೊತ್ತಾಯಿತು. ಇದನ್ನು ಮೊದಲೇ ಮಾಡಬಹುದಿತ್ತು ಎನ್ನುವುದು ನನ್ನ ವೈಯಕ್ತಿಕ ಅಭಿಪ್ರಾಯ.

ಅದೇ ಮಹಾಮಂಡಲ ತುಪ್ಪದಲ್ಲಿ ಬೇರೆ ದಾರಿ ಹಿಡಿದದ್ದು ನೋಡಿ. ತಿರುಪತಿ ಲಡ್ಡುವಿಗೆ ನಂದಿನಿ ತುಪ್ಪ ಬಹಳ ವರ್ಷ ಹೋಗುತ್ತಿತ್ತು. 2023ರಲ್ಲಿ ಟೆಂಡರಿನಲ್ಲಿ ಬೇರೆಯವರು ಹಾಕಿದ ದರಕ್ಕೆ ನಮ್ಮಿಂದ ಕೊಡಲಾಗದು ಎಂದು ಇವರು ದೂರ ಉಳಿದರು. ಆಗ ಎಷ್ಟೋ ಜನ ಇದನ್ನು ಸೋಲು ಎಂದರು. ಅಷ್ಟು ದೊಡ್ಡ ಗಿರಾಕಿಯನ್ನು ಯಾರಾದರೂ ಬಿಡುತ್ತಾರಾ ಎಂದರು. 2024ರಲ್ಲಿ ದೇವಸ್ಥಾನದವರು ಮತ್ತೆ ನಂದಿನಿ ತುಪ್ಪ ತರಿಸಲು ಶುರು ಮಾಡಿದರು. ಆ ಸೆಪ್ಟೆಂಬರ್‌ನಲ್ಲಿ ಲಡ್ಡು ತುಪ್ಪದ ಶುದ್ಧತೆಯ ವಿಚಾರ ದೇಶದ ತುಂಬ ಚರ್ಚೆಯಾಯಿತು. ನಮ್ಮ ರಾಜ್ಯದಲ್ಲೂ ಮುಜರಾಯಿ ದೇವಸ್ಥಾನಗಳಲ್ಲಿ ನಂದಿನಿ ತುಪ್ಪವನ್ನೇ ಬಳಸಬೇಕು ಎಂಬ ಆದೇಶವಾಯಿತು. ತಿರುಪತಿಗೆ ಹೋಗುವ ಟ್ಯಾಂಕರುಗಳಿಗೆ ಎಲ್ಲಿದೆ ಎಂದು ತೋರಿಸುವ ಉಪಕರಣ, ದಾರಿಯಲ್ಲಿ ಬಿಚ್ಚಲಾಗದ ಎಲೆಕ್ಟ್ರಾನಿಕ್ ಬೀಗ ಹಾಕಿದರು. ಹಾಲಿನಲ್ಲಿ ಬೆಲೆ ಮುಖ್ಯ, ತುಪ್ಪದಲ್ಲಿ ನಂಬಿಕೆ ಮುಖ್ಯ. ಒಂದೇ ಸಂಸ್ಥೆಯಾದರೂ ಪದಾರ್ಥಕ್ಕೆ ತಕ್ಕ ಹಾಗೆ ದಾರಿ ಬೇರೆಯಾಯಿತು. ನಂಬಿಕೆಯ ದಾರಿ ಹಿಡಿದವನು ಕೆಲವು ಗಿರಾಕಿಗಳನ್ನು ಬಿಡುವುದಕ್ಕೂ ಸಿದ್ಧ ಇರಬೇಕಾಗುತ್ತದೆ.

ಪಕ್ಕದ ಚನ್ನಪಟ್ಟಣದ ಗೊಂಬೆಯವರನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಚೀನಾದ ಪ್ಲಾಸ್ಟಿಕ್ ಆಟಿಕೆ ಬಂದು ಮಾರುಕಟ್ಟೆ ತುಂಬಿದಾಗ, ಆಲೆ ಮರ ತಂದು ಒಣಗಿಸಿ, ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಹಚ್ಚುವವರು ಅದರ ಬೆಲೆಗೆ ಸರಿಸಮ ಬರುವುದು ಹೇಗೆ? ಆ ಜಿದ್ದಿಗೆ ಬಿದ್ದವರು ಸೋತರು, ಕಸುಬು ಬಿಟ್ಟವರೂ ಇದ್ದಾರೆ. ತಡೆದುಕೊಂಡವರು ಮಗು ಬಾಯಿಗೆ ಇಟ್ಟುಕೊಂಡರೂ ಅಪಾಯವಿಲ್ಲದ ಬಣ್ಣ ಎನ್ನುವುದನ್ನು ಮುಂದೆ ಮಾಡಿದರು. 2005-06ರ ಹೊತ್ತಿಗೆ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸರ್ಕಾರದ ಆಸರೆ ಬಂದದ್ದು ತಡವಾಗಿ. 2020ರಲ್ಲಿ ಆಟಿಕೆಗಳ ಆಮದು ಸುಂಕ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಷ್ಟರವರೆಗೂ ಅವರನ್ನು ಉಳಿಸಿದ್ದು ಅವರ ಬಣ್ಣ.

ಇನ್ನೊಂದು ಕಥೆ ದಕ್ಷಿಣ ಕನ್ನಡ, ಕಾಸರಗೋಡು ಕಡೆಯದು. ಅಲ್ಲಿನ ಅಡಿಕೆ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ತೋಟದ ನಡುವೆ ಕೊಕ್ಕೊ ಹಾಕಿದ್ದವರಿಗೆ 1980ರ ಸುಮಾರಿಗೆ ಕೊಳ್ಳುವವರೇ ಇಲ್ಲದಂತಾಯಿತು. ಕ್ಯಾಂಪ್ಕೊ ಕೊಂಡಿತು. ಕೊಂಡದ್ದನ್ನು ಬರೀ ಬೀಜವಾಗಿ ಮಾರಿದರೆ ಮತ್ತೆ ಇನ್ನೊಬ್ಬರ ಬಾಗಿಲು ಕಾಯಬೇಕು ಎಂದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ರೈತರ ಸಂಘ ಚಾಕೊಲೇಟ್ ಮಾಡುವುದಾ ಎಂದು ನಕ್ಕವರು ಇದ್ದಿರಲೇಬೇಕು.

ಸರಿ, ದೊಡ್ಡವರ ಕಥೆ ಸಾಕು. ಹಳ್ಳಿಯ ಸಂಘ ಏನು ಮಾಡಬೇಕು? ಹಾಲಿನ ದರವನ್ನು ಸಂಘ ಗೊತ್ತು ಮಾಡುವುದಿಲ್ಲ, ಒಕ್ಕೂಟ ಗೊತ್ತು ಮಾಡುತ್ತದೆ. ಆದ್ದರಿಂದ ಟೆಂಪೋದವನ ಜೊತೆ ದರದಲ್ಲಿ ಜಿದ್ದು ಮಾಡಲು ಸಂಘದ ಕೈಯಲ್ಲಿ ಇರುವುದು ಸ್ವಲ್ಪವೇ. ಬೋನಸ್ ಹಣವನ್ನು ಮುಂಚೆಯೇ ಹಂಚಬಹುದು, ಪರೀಕ್ಷೆಯಲ್ಲಿ ಸಡಿಲ ಬಿಡಬಹುದು, "ನಿಮ್ಮ ಹಾಲಿಗೆ ಜಿಡ್ಡು ಎಷ್ಟಾದರೂ ಇರಲಿ, ಒಂದೇ ರೇಟು" ಅನ್ನಬಹುದು. ಕೆಲವು ಕಡೆ ಸಂಘಗಳು ಸದಸ್ಯರನ್ನು ಉಳಿಸಿಕೊಳ್ಳಲು ಹೀಗೆ ಮಾಡುವುದುಂಟು. ಇದರ ಪರಿಣಾಮ ಏನು ಎಂದು ನಿಧಾನವಾಗಿ ಲೆಕ್ಕ ಹಾಕೋಣ, ತಾಯಂದಿರು ಸ್ವಲ್ಪ ಗಮನ ಕೊಡಬೇಕು.

ಜಿಡ್ಡು 3.5, ಎಸ್.ಎನ್.ಎಫ್. 8.5 ಇರುವ ನೂರು ಲೀಟರ್ ಹಾಲಿಗೆ ಹತ್ತು ಲೀಟರ್ ನೀರು ಸೇರಿತು ಅಂತ ಇಟ್ಟುಕೊಳ್ಳಿ. ನೂರಹತ್ತು ಲೀಟರ್ ಆಯಿತು, ಆದರೆ ಜಿಡ್ಡು 3.2ಕ್ಕೂ ಎಸ್.ಎನ್.ಎಫ್. 7.7ಕ್ಕೂ ಇಳಿಯಿತು. ಒಕ್ಕೂಟದವರು ಸಂಘದ ಹಾಲನ್ನು ಒಟ್ಟಿಗೆ ಪರೀಕ್ಷೆ ಮಾಡಿ ದರ ಕಡಿಮೆ ಹಾಕುತ್ತಾರೆ, ಇಲ್ಲವೇ ವಾಪಸ್ಸು ಕಳಿಸುತ್ತಾರೆ. ಸಂಘದ ಬಾಗಿಲಿನಲ್ಲಿ ಒಬ್ಬೊಬ್ಬರ ಹಾಲನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಅವರವರ ಹಾಲಿಗೆ ತಕ್ಕ ದರ ಕೊಟ್ಟರೆ ನಷ್ಟ ನೀರು ಹಾಕಿದವನಿಗೆ. ಎಲ್ಲರಿಗೂ ಒಂದೇ ದರ ಎಂದರೆ ನಷ್ಟ ಒಳ್ಳೆಯ ಹಾಲು ತಂದವಳಿಗೆ. ಅವಳು ಎಷ್ಟು ದಿನ ತಡೆದುಕೊಳ್ಳುತ್ತಾಳೆ? ಟೆಂಪೋದವನು ಅವಳ ಹಾಲನ್ನು ನೋಡಿ "ಅಕ್ಕ, ನಿನ್ನದು ಗಟ್ಟಿ ಹಾಲು, ಮೂರು ರೂಪಾಯಿ ಜಾಸ್ತಿ ಕೊಡ್ತೀನಿ" ಅಂದರೆ ಹೋಗಿಬಿಡುತ್ತಾಳೆ. ಅವಳು ಹೋದ ಮೇಲೆ ಸಂಘದ ಹಾಲು ಇನ್ನಷ್ಟು ತೆಳ್ಳಗಾಗುತ್ತದೆ. ದರ ಇನ್ನಷ್ಟು ಇಳಿಯುತ್ತದೆ. ಆಗ ಇನ್ನೊಬ್ಬ ಒಳ್ಳೆಯ ಹಾಲಿನವನು ಹೋಗುತ್ತಾನೆ. ಸದಸ್ಯರನ್ನು ಉಳಿಸಿಕೊಳ್ಳಲೆಂದು ಪರೀಕ್ಷೆ ಸಡಿಲ ಮಾಡಿದ ಸಂಘಕ್ಕೆ ಕೊನೆಗೆ ಉಳಿಯುವವರು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಕ್ಟೋಮೀಟರ್ ಅದ್ದುವ ಕೈ ನಡುಗಿದ ದಿನವೇ ಸಂಘದ ವ್ಯಾಪಾರ ಅರ್ಧ ಹೋಯಿತು.

ಇದಕ್ಕೆ ಉಲ್ಟಾ ಲೆಕ್ಕವೂ ಇದೆ. ಸಂಘ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದರೆ ನೀರು ಹಾಲಿನವರು ತಾವಾಗಿಯೇ ಟೆಂಪೋ ಕಡೆ ಹೋಗುತ್ತಾರೆ. ಮೊದಲ ಒಂದೆರಡು ತಿಂಗಳು ಸಂಘದ ಲೀಟರು ಕಡಿಮೆಯಾಗುತ್ತದೆ. ಮಹಾಸಭೆಯಲ್ಲಿ "ಹಾಲು ಕಮ್ಮಿ ಆಯ್ತಲ್ಲ, ಅಧ್ಯಕ್ಷರು ಏನ್ ಮಾಡ್ತಿದಾರೆ?" ಅಂತ ಒಬ್ಬರು ಎದ್ದು ನಿಲ್ಲುತ್ತಾರೆ. ಆ ಎರಡು ತಿಂಗಳು ಹಲ್ಲು ಕಚ್ಚಿ ತಡೆದುಕೊಳ್ಳುವ ಆಡಳಿತ ಮಂಡಳಿ ಬೇಕು. ಗುಣದ ದಾರಿಯಲ್ಲಿ ಫಲ ಬರುವುದು ತಡ, ನಷ್ಟ ಕಾಣುವುದು ಬೇಗ. ಆಡಳಿತ ಮಂಡಳಿ ಚುನಾವಣೆ ಹತ್ತಿರ ಇದ್ದರಂತೂ ಇದು ಬಹಳ ಕಷ್ಟದ ಕೆಲಸ ಎಂದು ನನಗೂ ಗೊತ್ತು.

ಈಗ "ಬೇಸಿಗೇಲಿ ಟೆಂಪೋ, ಮಳೆಗಾಲದಲ್ಲಿ ಸಂಘ" ಎನ್ನುವ ಅಣ್ಣಂದಿರ ಕಡೆ ಬರುತ್ತೇನೆ. ನಗಬೇಡಿ, ಎಲ್ಲಾ ಊರಲ್ಲೂ ಇದ್ದಾರೆ. ಒಂದು ಹಸು ದಿನಕ್ಕೆ ಹತ್ತು ಲೀಟರ್ ಕೊಡುತ್ತದೆ, ಟೆಂಪೋದವನು ಒಂದೂವರೆ ರೂಪಾಯಿ ಹೆಚ್ಚು ಕೊಡುತ್ತಾನೆ ಎಂದರೆ ನಾಲ್ಕು ತಿಂಗಳಿಗೆ 1,800 ರೂಪಾಯಿ ಹೆಚ್ಚು ಸಿಕ್ಕಿತು. ಆದರೆ ಅವನ ದರವನ್ನು ಸಂಘದ ಬಟವಾಡೆ ದರಕ್ಕೆ ಮಾತ್ರ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಅದನ್ನು ಸೇರಿಸಿದರೆ ಆ 1,200 ಲೀಟರಿಗೆ 6,000 ರೂಪಾಯಿ ಕೈ ಬಿಟ್ಟು ಹೋಯಿತು. ವರ್ಷದ ಕೊನೆಯ ಬೋನಸ್ಸೂ ನೀವು ಹಾಕಿದ ಹಾಲಿನ ಲೆಕ್ಕದ ಮೇಲೆ. ಪ್ರೋತ್ಸಾಹಧನ ಖಾತೆಗೆ ಬರುವುದು ತಿಂಗಳುಗಟ್ಟಲೆ ತಡವಾಗುತ್ತದೆ, ಟೆಂಪೋದವನು ಕೈಯಲ್ಲಿ ನಗದು ಎಣಿಸುತ್ತಾನೆ ಎಂದು ನೀವು ಹೇಳಬಹುದು. ಅದು ನಿಜವಾದ ತೊಂದರೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಗಳ ಕಾಲೇಜು ಫೀಸು ಕಟ್ಟುವ ದಿನ ಬಂದಾಗ ಆರು ತಿಂಗಳ ನಂತರ ಬರುವ ಹಣದ ಮಾತು ಯಾರ ಕಿವಿಗೂ ಹೋಗುವುದಿಲ್ಲ. ಆದ್ದರಿಂದಲೇ ಸಂಘದ ಬಟವಾಡೆ ದಿನ ತಪ್ಪಬಾರದು ಎಂದು ಒತ್ತಿ ಹೇಳುತ್ತಿದ್ದೇನೆ.

ಸದಸ್ಯರು ಬೇಸಿಗೆಯಲ್ಲಿ ಬಿಟ್ಟು ಹೋದರೆ ಸಂಘದ ಲೆಕ್ಕ ಏನಾಗುತ್ತದೆ ಎಂಬುದನ್ನೂ ನೋಡಿ. ಸಂಬಳ, ಕರೆಂಟು, ಕಟ್ಟಡದ ಖರ್ಚು ಎಲ್ಲಾ ಸೇರಿ ತಿಂಗಳಿಗೆ 30,000 ರೂಪಾಯಿ ಅಂತ ಉದಾಹರಣೆಗೆ ಇಟ್ಟುಕೊಳ್ಳೋಣ. ದಿನಕ್ಕೆ ಸಾವಿರ ಲೀಟರ್ ಬಂದರೆ ಲೀಟರಿಗೆ ಒಂದು ರೂಪಾಯಿ ಖರ್ಚು ಬಿತ್ತು. ಐನೂರೇ ಬಂದರೆ ಎರಡು ರೂಪಾಯಿ. ಹಾಲು ತಣ್ಣಗೆ ಮಾಡುವ ಬಿ.ಎಂ.ಸಿ. ಯಂತ್ರ ಅರ್ಧ ತುಂಬಿದರೂ ಓಡಲೇಬೇಕು. ಕಾರ್ಯದರ್ಶಿಗೆ ಅರ್ಧ ಸಂಬಳ ಕೊಡಲು ಬರುತ್ತದಾ? ನಗರದಲ್ಲಿ ಹಾಲಿಗೆ ಬೇಡಿಕೆ ಹೆಚ್ಚಿರುವ ಬೇಸಿಗೆಯಲ್ಲಿ ಸಂಘ ಬರಿದು, ಯಾರಿಗೂ ಬೇಡದ ಕಾಲದಲ್ಲಿ ಸಂಘ ತುಂಬಿ ತುಳುಕುತ್ತದೆ. ಉಳಿದ ಹಾಲು ಪುಡಿಯಾಗಬೇಕು, ಪುಡಿಯಲ್ಲಿ ಎಷ್ಟೋ ಸಲ ನಷ್ಟ. ಆ ನಷ್ಟ ಮತ್ತೆ ಹಾಲಿನ ದರದ ಮೇಲೇ ಬೀಳುತ್ತದೆ.

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಇದು ಕಣ್ಣೆದುರು ಬಂತು. ಹೋಟೆಲು ಮುಚ್ಚಿದವು, ಮದುವೆ ಸಮಾರಂಭ ನಿಂತವು, ಬೆಂಗಳೂರಿನಲ್ಲಿ ಹಾಲಿನ ಖರ್ಚು ಬಿದ್ದುಹೋಯಿತು. ಹಸು ಮಾತ್ರ ಲಾಕ್‌ಡೌನ್ ಅಂತ ಹಾಲು ಕೊಡೋದು ನಿಲ್ಲಿಸುವುದಿಲ್ಲವಲ್ಲ. ಆಗ ಸರ್ಕಾರ ಹೆಚ್ಚುವರಿ ಹಾಲನ್ನು ಕೊಂಡು ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿತು, ಉಳಿದದ್ದು ಪುಡಿಯಾಯಿತು. ಒಂದೊಂದೇ ಹಸು ಕಟ್ಟಿದವರು ತಮ್ಮ ತಮ್ಮ ಪಾಡಿಗೆ ಇದ್ದಿದ್ದರೆ ಸರ್ಕಾರ ಯಾರ ಹತ್ತಿರ ಹೋಗಿ ಹಾಲು ಕೊಳ್ಳಬೇಕಿತ್ತು? ಟೆಂಪೋ ಆ ತಿಂಗಳು ಯಾವ ಊರಲ್ಲಿ ನಿಂತಿತ್ತು ಎಂದು ನೀವೇ ನೆನಪು ಮಾಡಿಕೊಳ್ಳಿ.

ಇಲ್ಲಿಗೆ ಬರುವ ಮುಂಚೆ ಒಬ್ಬ ಯುವಕ ಒಂದು ಸಲಹೆ ಕೊಟ್ಟ. "ಸಾರ್, ಬೆಂಗಳೂರು ಹತ್ತಿರವೇ ಇದೆ. ನಾಟಿ ಹಸುವಿನ ಹಾಲನ್ನ ಗಾಜಿನ ಬಾಟಲಲ್ಲಿ ತುಂಬಿ ಅಪಾರ್ಟ್‌ಮೆಂಟಿಗೆ ನೇರವಾಗಿ ಕೊಟ್ರೆ ಎರಡು ಪಟ್ಟು ರೇಟು ಸಿಗುತ್ತೆ." ಒಳ್ಳೆಯ ಯೋಚನೆ, ಇದೇ ಆ ಹಿತಕಿದ ಬೇಳೆ ಅಜ್ಜಿಯ ದಾರಿ. ಆದರೆ ಬಾಟಲು ತೊಳೆಯುವುದು, ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ಹೊರಡುವುದು, ಹಾಲು ಒಡೆದರೆ ಫೋನಿನಲ್ಲಿ ಬೈಸಿಕೊಳ್ಳುವುದು, ಹಬ್ಬಕ್ಕೆ ಊರಿಗೆ ಹೋಗುತ್ತೇವೆ ಎಂದು ಇಪ್ಪತ್ತು ಮನೆಯವರು ಒಂದೇ ದಿನ ಬೇಡ ಎಂದಾಗ ಆ ಹಾಲನ್ನು ಎಲ್ಲಿಡುವುದು, ಇವೆಲ್ಲ ಬೇರೆಯದೇ ಕಸುಬು. ನಾಟಿ ಹಸು ಎಷ್ಟು ಮನೆಯಲ್ಲಿ ಉಳಿದಿವೆ ಎಂದು ಊರು ಸುತ್ತಿ ಎಣಿಸಿ ನೋಡಲಿ. ನಾಲ್ಕೈದು ಯುವಕರು ಸೇರಿ ತಮ್ಮ ಹಣ ಹಾಕಿ ಮಾಡಿದರೆ ನಾನು ಬೆನ್ನು ತಟ್ಟುತ್ತೇನೆ. ಎಲ್ಲಾ ಸದಸ್ಯರ ಆಪದ್ಧನ ನಿಧಿಯನ್ನು ಸಂಘ ಅದಕ್ಕೆ ಹಾಕುವುದು ಬೇಡ.

ಹಾಗಾದರೆ ಸಂಘ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಹಿಡಿಯಬೇಕು? ನನ್ನನ್ನು ಕೇಳಿದರೆ ಪರೀಕ್ಷೆಯ ಯಂತ್ರ, ತೂಕದ ಯಂತ್ರ ಇವೆರಡರಲ್ಲಿ ಜಿಪುಣತನ ಬೇಡ. ಯಂತ್ರದ ಅಂಕಿ ಹಾಲು ಹಾಕುವವರ ಕಡೆಗೇ ಮುಖ ಮಾಡಿ ಕಾಣಬೇಕು. ಚೀಟಿ ಕೈಗೆ ಬರಬೇಕು. ಕಾರ್ಯದರ್ಶಿಯ ಚಿಕ್ಕಪ್ಪನ ಹಾಲಿಗೂ ಬಡ ವಿಧವೆಯ ಹಾಲಿಗೂ ಅದೇ ಯಂತ್ರ, ಅದೇ ಚೀಟಿ. ಹಿಂಡಿ, ಖನಿಜ ಮಿಶ್ರಣ ದಾಸ್ತಾನು ಖಾಲಿಯಾಗದಂತೆ ನೋಡಿಕೊಳ್ಳಬೇಕು, ಯಾಕೆಂದರೆ ಜಿಡ್ಡು ಹುಟ್ಟುವುದು ಮೇವಿನಲ್ಲಿ. ಹಸು ಬೆದೆಗೆ ಬಂದ ದಿನವೇ ಕೃತಕ ಗರ್ಭಧಾರಣೆಗೆ ಜನ ಸಿಗಬೇಕು. ಒಂದು ಸಲ ತಪ್ಪಿದರೆ ಇಪ್ಪತ್ತೊಂದು ದಿನ ಕಾಯಬೇಕು, ಆ ಇಪ್ಪತ್ತೊಂದು ದಿನದ ಮೇವು ದಂಡ. ಇದು ಟೆಂಪೋದವನು ಯಾವತ್ತೂ ಕೊಡಲಾಗದ ಸೇವೆ. ಅವನು ಹಾಲನ್ನು ಮಾತ್ರ ನೋಡುತ್ತಾನೆ, ಹಸುವನ್ನು ನೋಡುವುದಿಲ್ಲ. ಖರ್ಚು ಕಡಿಮೆ ಮಾಡುವ ಜಾಗ ಬೇರೆ ಬೇಕಾದಷ್ಟಿವೆ. ಅಧ್ಯಕ್ಷರು ಕ್ಷಮಿಸಬೇಕು, ಇವತ್ತು ನನಗೆ ಹಾಕಿದ ಶಾಲು, ಈ ಗಂಧದ ಹಾರ, ಹಣ್ಣಿನ ಬುಟ್ಟಿ ಇವೂ ಆ ಪಟ್ಟಿಯಲ್ಲಿ ಬರುತ್ತವೆ. ಒಂದು ಲೋಟ ಹಾಲು ಕೊಟ್ಟಿದ್ದರೆ ಸಾಕಿತ್ತು.

ಮುಂದಿನ ಮಹಾಸಭೆಗೆ ಒಂದು ವಿಷಯವನ್ನು ಸೂಚಿಸಿ ಮುಗಿಸುತ್ತೇನೆ. ಕಳೆದ ಮೂರು ವರ್ಷದಲ್ಲಿ ತಿಂಗಳು ತಿಂಗಳೂ ಸಂಘಕ್ಕೆ ಬಂದ ಹಾಲು ಎಷ್ಟು, ಒಕ್ಕೂಟ ಹಾಕಿದ ಸರಾಸರಿ ಜಿಡ್ಡು ಎಷ್ಟು, ಎಸ್.ಎನ್.ಎಫ್. ಎಷ್ಟು, ಬಟವಾಡೆ ಎಷ್ಟು ದಿನ ತಡವಾಯಿತು, ಇವಿಷ್ಟನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಸಂಘದ ಗೋಡೆಗೆ ಹಚ್ಚಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಪಕ್ಕದಲ್ಲೇ ಟೆಂಪೋದವನ ದರವನ್ನೂ ಬರೆಯಿರಿ, ಹೆದರಬೇಡಿ. ಮಾರ್ಚಿಯಿಂದ ಜೂನ್ ತನಕದ ಸಾಲನ್ನು ಸದಸ್ಯರೇ ನಿಂತು ಓದಲಿ. ಆಮೇಲೆ ಮಹಾಸಭೆಯಲ್ಲಿ ಯಾವ ದಾರಿ ಹಿಡಿಯಬೇಕೆಂದು ಅವರೇ ತೀರ್ಮಾನ ಮಾಡಲಿ.

ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ನೋಡಿದರು, ಅಡುಗೆಯವರೂ ಅತ್ತ ಎಲೆ ಹಾಕುತ್ತಿದ್ದಾರೆ. ಪ್ರಶ್ನೆ ಇರುವವರು ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಕೇಳಬಹುದು.